ಒಂದು ಸಿರಿಂಜಿಗೆ ಎರಡು ಉಂಡಿ

ಮೊನ್ನೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಹಾದು ಹೋಗುತ್ತಿದ್ದೆ. ಯಾರದೋ ಅಡುಗೆಮನೆಯಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂತು. ಅಂಟಿನ ಉಂಡಿ ಕಟ್ಟುವ ಮನೆಯ ವಾಸನೆ ಬೇರೆಯವರ ಬಾಯಲ್ಲಿ ನೀರು ತರಿಸುತ್ತದೆ. ನನಗೆ ಮಾತ್ರ ಸಂಶಯ ತರಿಸುತ್ತದೆ. ಯಾರಿಗೆ ಕಟ್ಟುತ್ತಿದ್ದಾರೋ, ಎಷ್ಟು ತಿನ್ನಿಸುತ್ತಾರೋ, ಯಾಕೆ ತಿನ್ನಿಸುತ್ತಾರೋ ಎಂದುಕೊಳ್ಳುತ್ತ ಆ ಕಿಟಕಿಯ ಕೆಳಗೇ ನಿಂತುಬಿಟ್ಟೆ. ಒಳಗಿನಿಂದ ಒಬ್ಬ ಹೆಂಗಸು ಇಣುಕಿ, "ಯಾರು ಬೇಕಾಗಿತ್ರಿ?" ಎಂದಳು. "ಯಾರೂ ಇಲ್ಲವಾ" ಎಂದು ಮುಂದೆ ಹೊರಟೆ. ನಾನು ತಿರುವು ದಾಟುವ ತನಕ ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು. ನೋಡಲಿ ಬಿಡಿ. ಸಂಶಯ ಪಡುವವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದೇ ಪೈಕಿ.

ನನ್ನ ಸಂಶಯ ಹುಟ್ಟಿನಿಂದ ಬಂದದ್ದು, ಕೆಲಸದಿಂದ ಬಲಿತದ್ದು. ಇಪ್ಪತ್ತಾರು ವರ್ಷ ಹುಬ್ಬಳ್ಳಿಯ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು ನಾನು. ಅಲ್ಲಿ ಬಾಟಲಿಯ ಮೇಲಿನ ಹೆಸರನ್ನು ನಂಬಬಾರದು. "ಏನೂ ತಿಂದಿಲ್ರಿ, ಖಾಲಿ ಹೊಟ್ಟೀಲೆ ಬಂದೇನಿ" ಎನ್ನುವವರ ಬಾಯನ್ನು ನಂಬಬಾರದು. ನಿನ್ನೆ ಸರಿಯಿದ್ದ ಔಷಧವನ್ನು ಇವತ್ತು ನಂಬಬಾರದು. ಮನೆಗೆ ಬಂದರೂ ಅದೇ ಚಾಳಿ. ಹಾಲಿನವನ ಮೇಲೆ ಸಂಶಯ, ಕಿರಾಣಿಯವನ ಮೇಲೆ ಸಂಶಯ, ನಗುತ್ತ ಮಾತಾಡಿಸುವ ನೆರೆಯವರ ಮೇಲಂತೂ ಕೇಳಲೇಬೇಡಿ. "ನೀ ಗುಡಿಯಾಗಿನ ಪ್ರಸಾದನೂ ಮೂಸಿ ನೋಡೇ ತಿಂತಿ" ಎಂದು ನಮ್ಮವರು ನಗುತ್ತಿದ್ದರು.

ನಾನು ಹೇಳಹೊರಟದ್ದು ಒಂದೇ ವರ್ಷದ ಮಾತು, ಮಳೆಗಾಲದಿಂದ ಚಳಿಗಾಲದ ತನಕದ್ದು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ಗೋಪನಕೊಪ್ಪದಲ್ಲಿ ನಮ್ಮ ಮನೆ. ನಮ್ಮವರು ಹತ್ತಿ ಅಡತಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಮ್ಮತ್ತೆ, ಅವರನ್ನು ಮಗಳು 'ಆಯಿ' ಎನ್ನುತ್ತಿದ್ದಳೆಂದು ನಾವೂ ಆಯಿ ಎನ್ನುತ್ತಿದ್ದೆವು. ಮಗಳು ಗಿರಿಜಾ. ಅವಳಿಗೆ ಆಗ ಹತ್ತು ವರ್ಷ, ಐದನೆಯ ಇಯತ್ತೆ.

ಗಿರಿಜಾ ದುಂಡಗಿದ್ದಳು. ಹುಟ್ಟಿದಾಗಿನಿಂದ ಅಲ್ಲ, ಶಾಲೆಗೆ ಹೋಗತೊಡಗಿದ ಮೇಲೆ. ನಾನು ಮುಂಜಾನೆ ಲ್ಯಾಬಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ಹೊತ್ತೆಲ್ಲ ಆಯಿಯ ರಾಜ್ಯ. "ಏನ್ ಮೈ ತುಂಬೇತಿ ನೋಡ ಹುಡುಗಿಗೆ! ಆ ಮನ್ಯಾಗ ಹಾಲು ತುಪ್ಪಕ್ಕ ಕಡಿಮಿ ಇಲ್ಲ ಬಿಡು" ಎಂದು ಓಣಿಯವರು ಆಡಿಕೊಂಡರೆ ನನಗೆ ಒಳಗೊಳಗೇ ಹೆಮ್ಮೆ. ಸುಳ್ಳು ಯಾಕೆ ಹೇಳಲಿ? ಲ್ಯಾಬಿಗೆ ಬರುವ ಸೊರಗಿದ ಮಕ್ಕಳ ಕಡ್ಡಿಯಂಥ ತೋಳಿನಲ್ಲಿ ನರ ಹುಡುಕಿ ಹುಡುಕಿ ಸಾಕಾಗಿ ಮನೆಗೆ ಬಂದಾಗ ಆ ತುಂಬುಗೆನ್ನೆ ಕಂಡರೆ ಸಮಾಧಾನ ಆಗುತ್ತಿತ್ತು. ಎಲ್ಲದರ ಮೇಲೂ ಸಂಶಯ ಪಡುವ ನಾನು ಅದೊಂದರ ಮೇಲೆ ಪಡಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ದೊಡ್ಡ ಮಳೆಯಲ್ಲ, ಮುಂಜಾನೆಯಿಂದ ಸಂಜೆಯ ತನಕ ಜಿಟಿಜಿಟಿ. ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳುವುದೇ ಕಷ್ಟ, ಹಗ್ಗದ ಮೇಲಿನ ಬಟ್ಟೆಗೆ ಮೂರು ದಿನವಾದರೂ ಒಣಗುವ ಯೋಗವಿಲ್ಲ. ಅಂಥ ಒಂದು ಸಂಜೆ ನಾನು ಮನೆಗೆ ಬಂದಾಗ ಗಿರಿಜಾ ಮೆಟ್ಟಿಲ ಮೇಲೆ ಕುಳಿತಿದ್ದಳು. "ಅವ್ವಾ, ಮೊಣಕಾಲು ನೋಯಾಕತ್ತಾವು" ಎಂದಳು. ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ. ಖೋ ಖೋ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ ಅವಳು. ಓಡುವುದರಲ್ಲಿ ಹಿಂದೆಯೇ, ಆದರೆ ಗದ್ದಲದಲ್ಲಿ ಎಲ್ಲರಿಗಿಂತ ಮುಂದೆ. ಅವಳೇ "ಇವತ್ತ ಆಡಲಿಲ್ಲವಾ, ದಣಿವಾತು" ಎಂದಾಗ ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಬೇರೆ ತಾಯಿಯಾಗಿದ್ದರೆ ಎಣ್ಣೆ ಕಾಯಿಸಿ ಕಾಲು ತಿಕ್ಕುತ್ತಿದ್ದಳು. ನಾನು ಶನಿವಾರ ಮಧ್ಯಾಹ್ನ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ತೆಗೆದೆ.

ಆ ಪರೀಕ್ಷೆಗಳ ವಿಷಯ ತಿಳಿಯದವರಿಗೆ ಎರಡು ಮಾತು. ಗಾಯ, ಕೀವು, ಸೋಂಕು, ಬಾವು, ಇಂಥ ಯಾವುದರ ಜೊತೆಗಾದರೂ ಮೈ ಕಾದಾಡುತ್ತಿದ್ದರೆ ಅದಕ್ಕೆ ಉರಿಯೂತ ಎನ್ನುತ್ತಾರೆ. ಅದರ ಸುಳಿವು ರಕ್ತದಲ್ಲಿ ಸಿಗುತ್ತದೆ. ಎಲ್ಲಿದೆ ಎಂದು ರಕ್ತ ಹೇಳುವುದಿಲ್ಲ, ಯಾಕಿದೆ ಎಂದೂ ಹೇಳುವುದಿಲ್ಲ, ಇದೆ ಎಂದು ಮಾತ್ರ ಹೇಳುತ್ತದೆ. ಉದ್ದನೆಯ ಗಾಜಿನ ನಳಿಕೆಯಲ್ಲಿ ರಕ್ತ ನಿಲ್ಲಿಸಿ, ಕೆಂಪು ಭಾಗ ಒಂದು ತಾಸಿನಲ್ಲಿ ಎಷ್ಟು ಕೆಳಗಿಳಿಯಿತು ಎಂದು ನೋಡುವುದು ಇಎಸ್‌ಆರ್. ಇನ್ನೊಂದು ಸಿಆರ್‌ಪಿ. ಕರಿ ಗಾಜಿನ ಮೇಲೆ ರಕ್ತದ ತಿಳಿನೀರಿನ ಒಂದು ಹನಿ, ಹಾಲಿನಂಥ ಔಷಧದ ಒಂದು ಹನಿ ಕೂಡಿಸಿ ಎರಡು ನಿಮಿಷ ಅಲ್ಲಾಡಿಸಬೇಕು. ಹಾಲು ಹಾಲಾಗಿಯೇ ಉಳಿದರೆ ಚಿಂತೆಯಿಲ್ಲ. ಕಾಳುಕಾಳಾಗಿ ಒಡೆದರೆ ಉರಿಯೂತ ಇದೆ.

ಗಿರಿಜಾಳ ರಕ್ತ ನಳಿಕೆಯಲ್ಲಿ ಇಳಿಯಬೇಕಾದ್ದಕ್ಕಿಂತ ಜಾಸ್ತಿ ಇಳಿಯಿತು. ಕರಿ ಗಾಜಿನ ಮೇಲೆ ಕಾಳು ಕಟ್ಟಿತೋ ಇಲ್ಲವೋ ಹೇಳಲಿಕ್ಕೆ ಬರಲಿಲ್ಲ. ದೀಪದ ಕೆಳಗೆ ಹಿಡಿದರೆ ಇದೆ, ಕಿಟಕಿಗೆ ಹಿಡಿದರೆ ಇಲ್ಲ. ಹೆಸರು ಹೇಳದೆ ನೂರಜಾನಳಿಗೆ ತೋರಿಸಿದೆ. ನೂರಜಾನ್ ಲ್ಯಾಬಿನಲ್ಲಿ ನನ್ನ ಜೊತೆಗಾತಿ, ಹಳೇ ಹುಬ್ಬಳ್ಳಿಯವಳು. ಅವಳ ಕಣ್ಣು ಗಿಡುಗನ ಕಣ್ಣು.

"ಸಣ್ಣಂಗ ಕಟ್ಟೇತಿ ಅಕ್ಕಾ" ಎಂದಳು. "ಯಾರದಿದು?"

"ಯಾರದೋ."

"ಯಾರದೋ ಆಗಿದ್ರ ಬಾಟಲಿ ಮ್ಯಾಲೆ ಹೆಸರು ಯಾಕಿಲ್ಲ?"

ಮನೆಗೆ ಹೋದರೆ ಮಗಳ ತೋಳಿನ ಮೇಲಿನ ಹತ್ತಿ ಕಂಡು ಆಯಿ ಎದೆ ಬಡಿದುಕೊಂಡರು. "ಅಯ್ಯ ನನ್ನ ಶಿವನ! ಕೂಸಿನ ರಕ್ತ ತಗದ್ಯಾ? ಎಷ್ಟ ತಗದಿ?"

"ಒಂದು ಚಮಚ ಅಷ್ಟ ರೀ."

"ಅಷ್ಟ ಅಂತಾಳ ನೋಡು! ಒಂದು ಚಮಚ ರಕ್ತ ಆಗಾಕ ಎಷ್ಟ ಅನ್ನ ಉಣ್ಣಬೇಕು ಗೊತ್ತೇನ ನಿನಗ?"

ಮರುದಿನ ಮುಂಜಾನೆ ನಾನು ಏಳುವಷ್ಟರಲ್ಲಿ ತುಪ್ಪದಲ್ಲಿ ಅಂಟು ಚಟಪಟ ಅರಳುತ್ತಿತ್ತು. ನಮ್ಮ ಕಡೆ ಬಾಣಂತಿಗೆ ಕೊಡುವ ಉಂಡಿ ಅದು. ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸಿ, ಬೆಲ್ಲ, ತುಪ್ಪ. ಮೈಯಿಂದ ರಕ್ತ ಹೋದವರಿಗೆ ಮತ್ತೆ ರಕ್ತ ತುಂಬಬೇಕು ಎನ್ನುವುದು ಹಿರಿಯರ ಲೆಕ್ಕ. ಮುದುಕಿಯ ಸಮಾಧಾನಕ್ಕೆ ಒಂದಿಷ್ಟು ಕಟ್ಟಿಕೊಳ್ಳಲಿ ಎಂದು ನಾನು ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ತಲೆಯ ತುಂಬ ಆ ಕರಿ ಗಾಜಿನ ಕಾಳುಗಳೇ ಇದ್ದವು.

ಅಲ್ಲಿಂದ ನನ್ನ ತಪಾಸಣೆ ಶುರುವಾಯಿತು. ಹಲ್ಲು ಹುಳುಕಾಗಿದೆಯೇ? ಇಲ್ಲ. ಗಂಟಲಲ್ಲಿ ಗಂಟು? ಇಲ್ಲ. ಮೂತ್ರ? ಸ್ವಚ್ಛ. ಕ್ಷಯ ಇರಬಹುದೆಂದು ಕೈಗೆ ಸೂಜಿ ಚುಚ್ಚಿಸಿ ಮೂರು ದಿನ ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದೆ, ಏನೂ ಏಳಲಿಲ್ಲ. ಎಲ್ಲವೂ ಸರಿ ಬಂದಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು. ಕಳ್ಳ ಮನೆಯೊಳಗೇ ಇದ್ದಾನೆ, ಕೈಗೆ ಸಿಗುತ್ತಿಲ್ಲ ಎಂದುಕೊಂಡೆ. ಔಷಧ ಕೆಟ್ಟಿರಬಹುದೆಂದು ಹೊಸ ಬಾಟಲಿ ಒಡೆದೆ. ಎರಡು ವಾರಕ್ಕೊಮ್ಮೆ ರಕ್ತ ತೆಗೆದೆ. ಪ್ರತಿ ಸಲವೂ ಅದೇ ಸಣ್ಣ ಕಾಳು.

"ನಿನ್ನ ಮಶಿನ್ ಕೆಟ್ಟಿರಬೇಕ್ ನೋಡು" ಎಂದರು ನಮ್ಮವರು.

"ಅದಕ್ಕ ಮಶಿನ್ ಇಲ್ರಿ. ಕಣ್ಣೀಲೆ ನೋಡೋದು."

"ಹಂಗಾರ ಕಣ್ಣ ಕೆಟ್ಟಾವು."

ಅವರ ಜೊತೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಪೋಣಿಸಿಕೊಂಡು ಗಿರಿಜಾಳನ್ನು ನಮ್ಮ ಭಾಗದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಹೊತ್ತಿಗೆ ಉತ್ತರ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಮಕ್ಕಳಲ್ಲಿ ಗಂಟಲ ಸೋಂಕಿನ ನಂತರ ಒಂದು ಕೀಲುನೋವಿನ ಜ್ವರ ಬರುತ್ತದೆ, ಬಿಟ್ಟರೆ ಅದು ಹೃದಯದ ಕವಾಟಕ್ಕೇ ಹೋಗುತ್ತದೆ. ಅಂಥ ಮಕ್ಕಳ ರಕ್ತ ಎಷ್ಟೋ ಸಲ ನನ್ನ ಕೈಯಲ್ಲೇ ಹಾದು ಹೋಗಿತ್ತು.

"ಜ್ವರ ಬಂದಿತ್ತೇನು?" ಎಂದರು ಡಾಕ್ಟರು.

"ಬಂದಿತ್ರಿ" ಎಂದೆ. ಬಂದದ್ದು ಬೇಸಿಗೆಯಲ್ಲಿ, ಒಂದೇ ದಿನ, ಬಿಸಿಲಲ್ಲಿ ಆಡಿದ್ದಕ್ಕೆ.

"ಒಂದು ಕೀಲು ಬಿಟ್ಟು ಇನ್ನೊಂದು ನೋಯ್ತೈತೇನು?"

"ಹೌದ್ರಿ, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು."

ಗಿರಿಜಾ ನನ್ನ ಮುಖ ನೋಡಿದಳು. ಅವಳು ಹಾಗೆ ಹೇಳಿರಲೇ ಇಲ್ಲ. ಪುಸ್ತಕದಲ್ಲಿ ಹಾಗಿತ್ತು, ನಾನು ಹೇಳಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನಿಸಲೇ ಇಲ್ಲ ನೋಡಿ. ಮಗಳ ಜೀವ ಉಳಿಸುತ್ತಿದ್ದೇನೆ ಎನಿಸಿತ್ತು. ಗಂಟಲ ಸೋಂಕು ತೋರಿಸುವ ಇನ್ನೊಂದು ಪರೀಕ್ಷೆಯಲ್ಲಿ ಏನೂ ಬಂದಿರಲಿಲ್ಲ. ಅದನ್ನು ಅವರೇ ಎತ್ತಿದಾಗ, "ಆ ಕಿಟ್ ಮ್ಯಾಲೆ ನನಗ ನಂಬಿಗಿ ಇಲ್ರಿ" ಎಂದುಬಿಟ್ಟೆ. ಲ್ಯಾಬಿನವಳೇ ಹಾಗೆ ಹೇಳಿದರೆ ಅವರಾದರೂ ಏನು ಮಾಡಿಯಾರು?

ಅವರು ಫೈಲು ಮುಚ್ಚಿ ಹೇಳಿದರು. ಹುಡುಗಿ ಆಡುವಂತಿಲ್ಲ, ಓಡುವಂತಿಲ್ಲ, ಮನೆಯಲ್ಲಿ ವಿಶ್ರಾಂತಿ. ದೀಪಾವಳಿಯ ತನಕ ನೋಡೋಣ. ಅಷ್ಟರಲ್ಲಿ ರಕ್ತ ಸುಧಾರಿಸದಿದ್ದರೆ ಪೆನಿಸಿಲಿನ್ ಸೂಜಿ ಶುರು ಮಾಡಬೇಕು, ಮೂರು ವಾರಕ್ಕೊಂದು, ಅವಳು ದೊಡ್ಡವಳಾಗುವ ತನಕ. "ದೊಡ್ಡಾಕಿ ಅಂದ್ರ ಎಷ್ಟ್ ವರ್ಷರಿ?" ಎಂದು ಕೇಳಿದೆ. "ಹತ್ತು ವರ್ಷಂತೂ ಹಿಡೀತೈತಿ" ಎಂದರು. ಗಿರಿಜಾ ಬೆರಳು ಮಡಿಚಿ ಏನೋ ಲೆಕ್ಕ ಹಾಕತೊಡಗಿದಳು. ಆಟೋದಲ್ಲಿ ಕೇಳಿದೆ, "ಏನ್ ಎಣಸಾಕತ್ತಿ?" "ಎಷ್ಟ ಸೂಜಿ ಆಗ್ತಾವು ಅಂತ" ಎಂದಳು. ಅವತ್ತು ರಾತ್ರಿ ನನಗೆ ಅನ್ನ ಸೇರಲಿಲ್ಲ.

ಶ್ರಾವಣ, ಭಾದ್ರಪದ ಎರಡೂ ಹಾಗೇ ಹೋದವು. ಆಟಕ್ಕೆ ಬಿಡಬಾರದೆಂದು ಶಾಲೆಗೆ ಚೀಟಿ ಬರೆದುಕೊಟ್ಟೆ. ಆಟದ ಹೊತ್ತಿನಲ್ಲಿ ಅವಳನ್ನು ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂಡಿಸುತ್ತಿದ್ದರು. ಮನೆಗೆ ಬಂದರೆ ಟೀವಿಯ ಮುಂದೆ ಚಾಪೆ, ಚಾಪೆಯ ಮೇಲೆ ಅವಳು, ಪಕ್ಕದಲ್ಲಿ ತಾಟು ಹಿಡಿದ ಆಯಿ. ಗೆಳತಿಯರು ಮೊದಮೊದಲು ಬಾಗಿಲ ತನಕ ಬಂದು ಕರೆದರು, ಆಮೇಲೆ ಬಿಟ್ಟರು. ದಸರೆಯ ಹೊತ್ತಿಗೆ ಶಾಲೆಯ ಲಂಗದ ಹುಕ್ಕನ್ನು ಎರಡು ಸಲ ಸರಿಸಿ ಹೊಲಿದಿದ್ದೆ. ಹೊಲಿಯುವಾಗಲೂ ನನಗೆ ಹೊಳೆಯಲಿಲ್ಲ. ಆ ವಾರದ ಪರೀಕ್ಷೆಯಲ್ಲಿ ಕರಿ ಗಾಜಿನ ಮೇಲೆ ಕಾಳು ಸ್ಪಷ್ಟವಾಗಿ ಕಟ್ಟಿತು, ದೀಪವೂ ಬೇಡ, ಕಿಟಕಿಯೂ ಬೇಡ. "ನೋಡಿದಿ? ರೋಗ ಬೆಳ್ಯಾಕತ್ತೇತಿ" ಎಂದೆ ನೂರಜಾನಳಿಗೆ.

ನೂರಜಾನ್ ಗಾಜನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಕ್ಕಾ, ಸೂಜಿ ಹಾಕ್ಸೂಕಿಂತ ಮೊದಲ ಧಾರವಾಡದಾಗ ಒಮ್ಮೆ ತೋರಸ್ರಿ. ಅಲ್ಲಿ ಒಬ್ಬ ಡಾಕ್ಟರ್ ಬಾಯಿ ಅದಾರ. ನಮ್ಮ ಅಣ್ಣನ ಮಗಳನ್ನ ಆರಾಮ ಮಾಡ್ಯಾರ. ಮಾತು ಜೋರು, ಕೈ ಛಲೋ."

ಹೋದೆವು. ಧಾರವಾಡದಲ್ಲಿ ಅವತ್ತು ಮಳೆ ನಿಂತು ಬಿಸಿಲು ಬಿದ್ದಿತ್ತು. ಹಳೆಯ ಮನೆಯ ಪಡಸಾಲೆಯಲ್ಲೇ ದವಾಖಾನೆ. ಡಾಕ್ಟರಮ್ಮನಿಗೆ ಅರವತ್ತು ದಾಟಿರಬೇಕು. ನಾನು ಫೈಲು ಬಿಚ್ಚಿ ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು. "ನೀವು ಸುಮ್ಮನ ಕೂಡ್ರಿ. ನೋವು ಯಾರಿಗೈತಿ? ಆಕಿಗೆ. ಆಕಿ ಹೇಳ್ಲಿ."

ಗಿರಿಜಾ ಹೇಳಿದಳು. ಎರಡೂ ಮೊಣಕಾಲು ಒಟ್ಟಿಗೇ ನೋಯುತ್ತವೆ. ಮೆಟ್ಟಿಲು ಹತ್ತುವಾಗ, ಪ್ರಾರ್ಥನೆಗೆ ಬಹಳ ಹೊತ್ತು ನಿಂತಾಗ. ಬಾವು ಬಂದಿಲ್ಲ, ಕೆಂಪಾಗಿಲ್ಲ, ಮಲಗಿದರೆ ನೋವಿಲ್ಲ. ಡಾಕ್ಟರಮ್ಮ ಎದೆಗೆ ಕೊಳವೆ ಹಿಡಿದು ಬಹಳ ಹೊತ್ತು ಕೇಳಿದರು. ಮೂಲೆಯಲ್ಲಿದ್ದ ತೂಕದ ಮಶಿನ್ನಿನ ಮೇಲೆ ನಿಲ್ಲಿಸಿದರು, ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ನಾಲ್ಕು ತಿಂಗಳಲ್ಲಿ ಯಾರೂ ಅವಳ ತೂಕ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ರಕ್ತ ಎಷ್ಟ ಸಲ ತಗದಾರವಾ?" ಎಂದು ಕೇಳಿದರು ಅವಳನ್ನು.

"ಏಳು ಸಲರಿ."

"ಅಳ್ತಿದ್ದೇನು?"

"ಮೊದಲಿಗೆ ಅಳ್ತಿದ್ನಿರಿ. ಆಮ್ಯಾಲೆ ಇಲ್ಲ. ರಕ್ತ ತಗದ್ರ ಆಯಿ ಎರಡು ಅಂಟಿನ ಉಂಡಿ ಕೊಡ್ತಾಳ್ರಿ, ದೊಡ್ಡ ವಾಟಗಾ ತುಂಬ ಹಾಲು. ರಕ್ತ ತುಂಬೂತನಕ ದಿನಾ ಎರಡು."

"ಎಷ್ಟ ದಿನಕ್ಕ ತುಂಬತೈತಿ?"

"ಹದಿನೈದು ದಿನಕ್ಕರಿ. ಅಷ್ಟರಾಗ ಅವ್ವ ಮತ್ತ ತಗೀತಾಳ್ರಿ."

ಡಾಕ್ಟರಮ್ಮ ಗಟ್ಟಿಯಾಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. "ಲ್ಯಾಬಿನಾಗ ಕೆಲಸ ಮಾಡ್ತೀರಿ ಅಂದ್ರಿ. ಇಡೀ ಹುಡುಗೀನ್ನ ಜಾಲಾಡ್ಸೀರಿ, ಹೊಟ್ಟಿ ಮ್ಯಾಲೆ ಕಣ್ಣು ಬೀಳಲಿಲ್ಲೇನು?"

ನನಗೆ ಮೈ ಉರಿಯಿತು. "ದಪ್ಪ ಇದ್ರ ಮೊಣಕಾಲು ನೋಯ್ತಾವು, ಒಪ್ಪಿದೆರಿ. ಆದ್ರ ರಕ್ತದಾಗ ಉರಿಯೂತ ಹೆಂಗ ಬರ್ತೈತಿ? ನಮ್ಮ ಪುಸ್ತಕದಾಗ ಹಂಗಿಲ್ಲ."

"ನಿಮ್ಮ ಪುಸ್ತಕ ಯಾವಾಗಿಂದು? ನೋಡವಾ, ಕೊಬ್ಬು ಅಂದ್ರ ಡಬ್ಬ್ಯಾಗ ತುಂಬಿಟ್ಟ ತುಪ್ಪ ಅಲ್ಲ. ಅದು ಜೀವ ಇರೂ ವಸ್ತು. ಮಿತಿ ಮೀರಿತು ಅಂದ್ರ ಒಳಗ ಸಣ್ಣಂಗ ಉರಿ ಎಬ್ಬಸ್ತೈತಿ. ಕಳ್ಳ ಬಂದಾನ ಅಂತ ಮೈಯಾಗಿನ ಕಾವಲುಗಾರ ಎದ್ದು ಕೂಡ್ತಾನ. ಕಳ್ಳ ಇರಂಗಿಲ್ಲ, ಆದ್ರೂ ಅವ ಮಲಗಂಗಿಲ್ಲ. ನಿಮ್ಮ ಕರಿ ಗಾಜಿನ ಮ್ಯಾಲೆ ಕಾಣೋದು ಅವನ. ಎಲ್ಲಾ ಮಕ್ಕಳಿಗೂ ಹಿಂಗ ಆಗ್ತೈತಂತಲ್ಲ. ಈಕಿಗೆ ಆಗೇತಿ. ಹಿಂಗ ಬಿಟ್ರ ಮುಂದ ಸಕ್ಕರಿ, ಬಿಪಿ, ಹೃದಯ, ಎಲ್ಲಾಕ್ಕೂ ದಾರಿ ಆಗ್ತೈತಿ. ನೀವು ಹೃದಯ ಉಳಸ್ತೇನಿ ಅಂತ ಕೂಡ್ಸಿ ಕೂಡ್ಸಿ ಅದಕ್ಕ ರೋಗ ಹಚ್ಚಾಕತ್ತಿದ್ರಿ."

ಹೃದಯದ ಸ್ಕ್ಯಾನು ಮಾಡಿಸಲು ಬರೆದುಕೊಟ್ಟರು. ಮರುವಾರ ಅದೂ ಆಯಿತು, ಕವಾಟಗಳು ಚೊಕ್ಕವಾಗಿದ್ದವು. ಆ ಕಾಗದ ನೋಡಿ ಅವರು ಹೇಳಿದ್ದು ಇಷ್ಟು. ಸೂಜಿ ಬೇಡ, ಆಟಕ್ಕೆ ಕಳಿಸಿರಿ. ಉಂಡಿ ಬಂದ್, ಹಾಲು ಒಂದೇ ಲೋಟ, ರೊಟ್ಟಿ ಪಲ್ಯ ಹೊಟ್ಟೆ ತುಂಬ ಉಣ್ಣಲಿ. ಉಪವಾಸ ಹಾಕಬೇಡಿ, ಬೈಯಬೇಡಿ. ಕಡೆಗೆ ಬಾಗಿಲ ತನಕ ಬಂದು ನನ್ನ ಕೈ ಹಿಡಿದು, "ಮತ್ತ ಆರು ತಿಂಗಳು ಆಕಿ ರಕ್ತ ಮುಟ್ಟಬ್ಯಾಡ್ರಿ. ಮುಟ್ಟಿದ್ರಿ ಅಂದ್ರ ನನ್ನ ಕಡೆ ಬರಬ್ಯಾಡ್ರಿ" ಎಂದರು.

ಬಸ್ಸಿನಲ್ಲಿ ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಧಾರವಾಡದವರಿಗೆ ಮಾತು ಚಂದ, ಒಳಗೇನಿದೆಯೋ ಯಾರಿಗೆ ಗೊತ್ತು ಎಂದು ನವನಗರದ ತನಕ ಯೋಚಿಸಿದೆ. ಗಿರಿಜಾ ಕಿಟಕಿಗೆ ಮುಖ ಇಟ್ಟು, "ಅವ್ವಾ, ಸೋಮವಾರದಿಂದ ಖೋ ಖೋಕ್ಕ ಹೋಗ್ಲೇನು?" ಎಂದು ಮೂರು ಸಲ ಕೇಳಿದಳು. ಮೂರನೆಯ ಸಲ "ಹೋಗು" ಎಂದೆ.

ಆಯಿಗೆ ಹೇಳುವುದೇ ಕಠಿಣ ಆಯಿತು. ನಾನು ಹೇಳಿದ್ದೂ ಹಾಗೇ ಇತ್ತು ಬಿಡಿ, ತಪ್ಪೆಲ್ಲ ಅವರದೇ ಎನ್ನುವ ಹಾಗೆ. "ನಿಮ್ಮ ಉಂಡಿಯಿಂದ ಆತು ಇದೆಲ್ಲಾ" ಎಂದೆ. ಆಯಿ ಜಗಳಕ್ಕೆ ಬರುತ್ತಾರೆಂದು ಸೊಂಟ ಕಟ್ಟಿ ನಿಂತಿದ್ದೆ. ಅವರು ಕೆಳಗೆ ಕೂತರು. "ನಿನ್ನ ಗಂಡಗಿಂತ ಮೊದಲ ನನಗ ಎರಡು ಕೂಸು ಇದ್ದವು" ಎಂದರು. "ಎರಡೂ ಸೊರಗಿ ಸೊರಗಿ ಹ್ವಾದವು. ಕಡೀಕ ಎತ್ತಿಕೊಂಡ್ರ ಕೈಯಾಗ ಏನೂ ಇಲ್ಲ ಅನಸ್ತಿತ್ತು. ನೀ ರಕ್ತ ತಗದಾಗೆಲ್ಲಾ ಇದೂ ಹೋಗ್ತೈತಿ ಅಂತ ನನಗ ಅಂಜಿಕಿ. ನಾ ಮತ್ತೇನ ಮಾಡಬೇಕಿತ್ತು, ಹೇಳು?" ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಆ ಎರಡು ಕೂಸುಗಳ ಸುದ್ದಿ ನನಗೆ ಗೊತ್ತಿರಲಿಲ್ಲ. ಅಂಜಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಅವತ್ತು ಅವರ ಕಾಲ ಹತ್ತಿರ ಕೂತೆ, ಇಬ್ಬರೂ ಅತ್ತೆವು.

ಇಲ್ಲಿಗೆ ನನ್ನ ಬುದ್ಧಿ ತಿಳಿಯಾಯಿತು ಎಂದುಕೊಂಡರೆ ನಿಮ್ಮ ತಪ್ಪು. ಆಯಿ ಮರುದಿನದಿಂದಲೇ ಬದಲಾದರು, ಉಂಡಿಯ ಡಬ್ಬಿ ತೊಳೆದು ಅದರಲ್ಲಿ ಸಾಸಿವೆ ತುಂಬಿದರು. ನಾನು ಬದಲಾಗಲಿಲ್ಲ. ರೋಗ ಸಿಗಲಿಲ್ಲವಲ್ಲ, ಸಂಶಯಕ್ಕೆ ಬೇರೆ ಜಾಗ ಬೇಕಾಯಿತು. ಅದು ಹೋಗಿ ಮಗಳ ಮೇಲೆ ಕೂತಿತು. ರಕ್ತ ಮುಟ್ಟುವಂತಿಲ್ಲ, ಸರಿ, ತಾಟು ನೋಡಬಹುದಲ್ಲ? ಶಾಲೆಯಿಂದ ಬಂದ ಕೂಡಲೇ ಅವಳ ಪಾಟಿಚೀಲ ತಡಕುತ್ತಿದ್ದೆ. ಬೆರಳು ಮೂಸುತ್ತಿದ್ದೆ, ಮಿರ್ಚಿ ಭಜಿಯ ಎಣ್ಣೆಯ ವಾಸನೆ ಬರುತ್ತದೋ ಎಂದು. "ಯಾರರೆ ಹುಟ್ಟಿದ ಹಬ್ಬ ಇತ್ತೇನ ಇವತ್ತ? ಏನ್ ಕೊಟ್ರು? ಬಾಯಿ ತಗಿ ನೋಡೂಣು." ಅವಳು ಬಾಯಿ ತೆರೆಯುತ್ತಿದ್ದಳು. ಮೊದಲಿಗೆ ನಗುತ್ತ, ಆಮೇಲೆ ಸುಮ್ಮನೆ. ಖೋ ಖೋ ಆಡಿ ಕೆಂಪಾಗಿ ಬಂದರೂ, "ಖರೇ ಆಡಿದ್ಯೋ, ಎಲ್ಲೆರೆ ಕುಂತು ತಿಂದು ಬಂದ್ಯೋ?" ಎಂದೇ ನನ್ನ ಮೊದಲ ಮಾತು. ಲಂಗದ ಹುಕ್ಕನ್ನು ಒಂದು ಸಲ ಹಿಂದಕ್ಕೆ ಸರಿಸಿ ಹೊಲಿಯಬೇಕಾಯಿತು. ಅದನ್ನೂ ನಂಬದೆ, ಬಟ್ಟೆ ಹಿಗ್ಗಿರಬೇಕು ಎಂದುಕೊಂಡೆ.

ಮಾರ್ಗಶಿರದ ಚಳಿ ಬಿದ್ದ ಮೇಲೆ ಗಿರಿಜಾ ಮನೆಯೊಳಗೂ ಕಾಲುಚೀಲ ಹಾಕಿಕೊಂಡೇ ಇರತೊಡಗಿದಳು. "ಚಳಿ" ಎಂದಳು. ಮಲಗುವಾಗಲೂ ತೆಗೆಯಲಿಲ್ಲ. ಜಳಕ ತಾನೇ ಮಾಡುತ್ತೇನೆಂದು ಬಾಗಿಲು ಹಾಕಿಕೊಂಡಳು. ಎರಡು ದಿನ ನೋಡಿದೆ, ಮೂರು ದಿನ ನೋಡಿದೆ. ಚಾಕಲೇಟು ಅಡಗಿಸಿಟ್ಟಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಒಂದು ರವಿವಾರ ಮುಂಜಾನೆ ಹಿತ್ತಲ ಬಿಸಿಲಲ್ಲಿ ಕುಳಿತಿದ್ದಳು. ಹೋಗಿ ಎದುರಿಗೆ ನಿಂತೆ.

"ಕಾಲುಚೀಲ ತಗಿ."

"ಒಲ್ಲೆ."

"ತಗೀತಿಯೋ ಇಲ್ಲೋ?"

"ಒಲ್ಲೆ ಅವ್ವಾ, ಬ್ಯಾಡ."

ಹಿಡಿದು ಎಳೆದೆ. ಬಲಗಾಲಿನದು ಸರ್‍ರನೆ ಬಂತು, ಒಳಗೇನೂ ಇರಲಿಲ್ಲ. ಎಡಗಾಲಿನದು ಬರಲಿಲ್ಲ, ಅಂಟಿಕೊಂಡಿತ್ತು. ಅವಳು ತುಟಿ ಕಚ್ಚಿದಳು, ಕೂಗಲಿಲ್ಲ. ನಿಧಾನಕ್ಕೆ ಬಿಡಿಸಿದೆ. ಹಿಮ್ಮಡಿಯ ಪಕ್ಕದಲ್ಲಿ ಬೆರಳುದ್ದದ ಗಾಯ, ಬರಿಗಾಲಲ್ಲಿ ಆಡುವಾಗ ಏನೋ ತಾಗಿ ಸೀಳಿದ್ದು. ಸುತ್ತ ಕೆಂಪು, ಬಾವು, ಮುಟ್ಟಿದರೆ ಕೆಂಡದ ಬಿಸಿ. ಒಳಗೆ ಕೀವು. ಉರಿಯೂತದ ಗುರುತುಗಳೆಂದು ನಾನು ಬಾಯಿಪಾಠ ಮಾಡಿದ್ದೆಲ್ಲ ಒಂದೂ ಬಿಡದೆ ನನ್ನ ಮಗಳ ಕಾಲಲ್ಲಿ ಇದ್ದವು. ನಾಲ್ಕು ತಿಂಗಳು ಇಲ್ಲದ ಸೋಂಕನ್ನು ಹುಡುಕಿದ್ದೆ. ಇದ್ದದ್ದು ನನ್ನ ಕಣ್ಣ ಮುಂದೆಯೇ ಮನೆ ತುಂಬ ಓಡಾಡಿಕೊಂಡಿತ್ತು.

"ಎಷ್ಟ ದಿನಾ ಆತು?"

"ಎಂಟು."

"ಎಂಟು ದಿನಾ! ಯಾಕ ಹೇಳಲಿಲ್ಲ ನನಗ?"

ಅವಳು ಕಾಲುಚೀಲವನ್ನು ಎತ್ತಿ ಮಡಿಚತೊಡಗಿದಳು. "ಹೇಳಿದ್ರ ನೀ ಮತ್ತ ಆಟ ಬಂದ್ ಮಾಡ್ತಿದ್ದಿ" ಎಂದಳು.

ಆಯಿ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟು ಒಳಗೆ ಹೋದರು. ನಾನು ಕೆಳಗೆ ಕೂತು ಅವಳ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು ತೊಳೆದೆ. ನೋಯುತ್ತಿತ್ತು, ಅವಳು ಅಲುಗಲಿಲ್ಲ. ದವಾಖಾನೆಗೆ ಕರೆದೊಯ್ಯುವ ಮೊದಲು ಗಾಯವನ್ನಾದರೂ ಮುಚ್ಚೋಣ ಎಂದು ಹತ್ತಿ, ಪಟ್ಟಿ ತರಲು ಒಳಗೆ ಹೋದೆ.

ತಿರುಗಿ ಬಂದು ನೋಡಿದರೆ ಗಿರಿಜಾ ಸ್ವೆಟರಿನ ತೋಳನ್ನು ಮೊಣಕೈ ಮೇಲಿನ ತನಕ ಏರಿಸಿ, ಕೈಯನ್ನು ತೊಡೆಯ ಮೇಲೆ ನೀಟಾಗಿ ಚಾಚಿ, ಮುಷ್ಟಿ ಬಿಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕುಳಿತಿದ್ದಳು.

"ಲಗೂ ತಗದು ಬಿಡವಾ" ಎಂದಳು.

"ಏನು?"

"ರಕ್ತ."

"ಇಲ್ಲ ಗಿರಿಜಾ, ರಕ್ತ ತಗಿಯಂಗಿಲ್ಲ."

ಅವಳು ಮುಖ ತಿರುಗಿಸಿ ಮೊದಲು ನನ್ನ ಬಲಗೈ ನೋಡಿದಳು, ಆಮೇಲೆ ಎಡಗೈ. ಹತ್ತಿ, ಪಟ್ಟಿ ಕೆಳಗಿಟ್ಟು ಎರಡೂ ಅಂಗೈ ಅವಳ ಮುಂದೆ ಬಿಚ್ಚಿ ಹಿಡಿದೆ.

"ಖರೇನ?" ಎಂದಳು.

"ಖರೇ ಅವ್ವಿ."

ಕಾಲಿಗೆ ಪಟ್ಟಿ ಕಟ್ಟಿದೆ. ನಾನು ಕಟ್ಟಿ ಮುಗಿಸುವ ತನಕ ಅವಳು ಆ ಕೈಯನ್ನು ಹಾಗೇ ಚಾಚಿಕೊಂಡಿದ್ದಳು. ತೋಳು ಇಳಿಸಲಿಲ್ಲ.